ಹಳೆಯ ಶೆಂಗ್ ಪುಎರ್ ಬಿಲ್ಲೆ ಸಿಕ್ಕಿದೆ, ಬರೀ ಕಹಿ ಬರ್ತಿದೆ. ಹಾಳಾಗಿದೆಯಾ?

ತೇಯಿಲೆ_ಹೊಸಬ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಕೆಲವು ವರ್ಷ ಚೀನಾದ ಕುನ್ಮಿಂಗ್‌ನಲ್ಲಿದ್ದ ಗೆಳೆಯನೊಬ್ಬ ವಾಪಸ್ ಬರುವಾಗ ನನಗೆ ಒಂದು ಚಹಾ ಬಿಲ್ಲೆ ತಂದುಕೊಟ್ಟ. ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು, ಗುಂಡಗಿದೆ, ಹಿಂಬದಿಯಲ್ಲಿ ನಡುವೆ ಒಂದು ಗುಳಿ ಇದೆ. ತೆಳುವಾದ ಕಾಗದದಲ್ಲಿ ಸುತ್ತಿದೆ. ತೂಕ 357 ಗ್ರಾಂ. "ಇದು ಶೆಂಗ್, ಅಂದ್ರೆ ಹಸಿ ಪುಎರ್, 2006ರದ್ದು, ನಾನೇ ಅಲ್ಲಿ ಮನೆಯಲ್ಲಿಟ್ಟುಕೊಂಡಿದ್ದೆ, ಸುಮ್ನೆ ಹಾಳು ಮಾಡಬೇಡ" ಅಂತ ಹೇಳಿ ಕೊಟ್ಟು ಹೋದ. ಹೇಗೆ ಮಾಡ್ಕೊಂಡು ಕುಡಿಯೋದು ಅಂತ ಮಾತ್ರ ಹೇಳಲಿಲ್ಲ.

ಕಲ್ಲಿನಂತೆ ಗಟ್ಟಿ ಇದೆ. ಸ್ಕ್ರೂಡ್ರೈವರ್ ಇಟ್ಟು ಮೇಲಿನಿಂದ ಕುಟ್ಟಿದೆ, ಪುಡಿ ಪುಡಿಯಾಗಿ ಉದುರಿತು. ಆ ಪುಡಿಯನ್ನು ಎರಡು ಚಮಚ ತುಂಬ ತೆಗೆದುಕೊಂಡು ಅರ್ಧ ಲೀಟರ್ ನೀರಿಗೆ ಹಾಕಿ, ನಾವು ದಿನಾ ಟೀ ಮಾಡೋ ಹಾಗೇ ಹತ್ತು ನಿಮಿಷ ಕುದಿಸಿದೆ. ಒಳ್ಳೆ ಕಷಾಯದ ಬಣ್ಣ ಬಂತು. ಒಂದು ಗುಟುಕು ಕುಡಿದೆ ಅಷ್ಟೇ, ನಾಲಿಗೆ ಪೂರ್ತಿ ಒಗರಾಗಿ ದಪ್ಪಗಾದ ಹಾಗಾಯ್ತು. ಹಾಲು ಸಕ್ಕರೆ ಹಾಕಿ ನೋಡಿದೆ, ಇನ್ನೂ ಕೆಟ್ಟದಾಯ್ತು. ಹಳೆ ಮರದ ಪೆಟ್ಟಿಗೆ ತೆಗೆದಾಗ ಬರುತ್ತಲ್ಲ, ಆ ಥರದ ಒಂದು ವಾಸನೆಯೂ ಇದೆ.

ಗೆಳೆಯನನ್ನು ಕೇಳೋಣ ಅಂದ್ರೆ ಅವನು ಅಷ್ಟು ಪ್ರೀತಿಯಿಂದ ಕೊಟ್ಟಿದ್ದು, ಕಹಿ ಇದೆ ಅಂತ ಹೇಳಲು ಮನಸ್ಸು ಬರುತ್ತಿಲ್ಲ. ಇದು ಹಾಳಾಗಿದೆಯಾ? ಇನ್ನೊಂದು ವಿಷಯ, ಕಾಗದದ ಮೇಲೆ 7542 ಅಂತ ಇದೆ. 75 ಅಂದ್ರೆ 1975ರ ಚಹಾ ಅಂತ ಎಲ್ಲೋ ಓದಿದ ನೆನಪು. ಹಾಗಾದರೆ ಗೆಳೆಯನಿಗೇ ಗೊತ್ತಿಲ್ಲದೆ ಐವತ್ತು ವರ್ಷದ ಚಹಾ ಕೊಟ್ಟುಬಿಟ್ಟನಾ? ತಿಳಿದವರು ದಯವಿಟ್ಟು ಹೇಳಿ.

ಮುಚ್ಚಳದ_ಬಟ್ಟಲು

ಹಾಳಾಗಿರೋ ಲಕ್ಷಣ ನೀವು ಬರೆದಿದ್ದರಲ್ಲಿ ಒಂದೂ ಕಾಣ್ತಿಲ್ಲ. ಮೊದಲು ಸಮಾಧಾನ ಮಾಡ್ಕೊಳ್ಳಿ. ನೀವು ಕುದಿಸಿದ ರೀತಿಯಲ್ಲಿ ಕುದಿಸಿದರೆ ಎಂಥಾ ಒಳ್ಳೆ ಶೆಂಗ್ ಆದರೂ ಕಹಿಯೇ ಬರುತ್ತದೆ. ಪುಡಿ ಬೇರೆ, ಹತ್ತು ನಿಮಿಷ ಬೇರೆ. ಈ ಚಹಾದಲ್ಲಿ ಹತ್ತು ಹದಿನೈದು ಬಟ್ಟಲಿಗೆ ಆಗುವಷ್ಟು ಸಾರ ಇರುತ್ತದೆ, ನೀವು ಅದನ್ನೆಲ್ಲ ಒಂದೇ ಬಟ್ಟಲಿಗೆ ಇಳಿಸಿದ್ದೀರಿ.

ಇದು ಯಾವ ಥರದ ಚಹಾ ಅಂತ ಗೊತ್ತಾದರೆ ಉಳಿದಿದ್ದು ತಾನಾಗಿ ಅರ್ಥ ಆಗುತ್ತದೆ. ಯುನ್ನಾನ್ ಪ್ರಾಂತ್ಯದ ದೊಡ್ಡ ಎಲೆಯ ಚಹಾ ಇದು. ಎಲೆ ಕಿತ್ತು, ಬಾಣಲೆಯಲ್ಲಿ ಬಾಡಿಸಿ, ಹೊಸೆದು, ಬಿಸಿಲಲ್ಲಿ ಒಣಗಿಸುತ್ತಾರೆ. ಬಾಣಲೆಯ ಕಾವು ಹಸಿರು ಚಹಾಕ್ಕೆ ಕೊಡುವಷ್ಟು ಜೋರಾಗಿ ಇರುವುದಿಲ್ಲ. ಹಾಗಾಗಿ ಎಲೆಯೊಳಗೆ ಸ್ವಲ್ಪ ಜೀವ ಉಳಿದಿರುತ್ತದೆ, ವರ್ಷಗಟ್ಟಲೆ ನಿಧಾನವಾಗಿ ಬದಲಾಗೋದು ಅದರಿಂದಲೇ. ಒಣಗಿದ ಎಲೆಗೆ ಹಬೆ ಕೊಟ್ಟು ಮೆತ್ತಗೆ ಮಾಡಿ, ಬಟ್ಟೆ ಚೀಲಕ್ಕೆ ತುಂಬಿ, ಬಾಯಿ ತಿರುಚಿ ಗಂಟು ಹಾಕಿ ಒತ್ತುತ್ತಾರೆ. ನಿಮ್ಮ ಬಿಲ್ಲೆಯ ಹಿಂದಿನ ಗುಳಿ ಆ ಗಂಟಿನ ಗುರುತು.

ಈಗ ಬಿಡಿಸೋದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಅರ್ಧ ರುಚಿ ಇಲ್ಲೇ ನಿರ್ಧಾರ ಆಗುತ್ತದೆ. ಸ್ಕ್ರೂಡ್ರೈವರ್ ಬಿಟ್ಟುಬಿಡಿ. ದಬ್ಬಣದಂಥ ತೆಳುವಾದ, ಚೂಪಾದ ಕಡ್ಡಿ ಬೇಕು. ಬಿಲ್ಲೆಯನ್ನು ಒಂದು ಬಟ್ಟೆ ಮೇಲೆ ಮಲಗಿಸಿ, ಅಂಚಿನಿಂದ ಅಡ್ಡಡ್ಡ ತೂರಿಸಿ, ಮೇಲಿನಿಂದ ಯಾವತ್ತೂ ಬೇಡ. ಎಲೆಗಳು ಪದರ ಪದರವಾಗಿ ಕೂತಿರುತ್ತವೆ. ಎರಡು ಪದರದ ನಡುವೆ ಕಡ್ಡಿ ಹೋದರೆ ಒಂಚೂರು ಮೇಲಕ್ಕೆತ್ತಿ, ತೆಗೆದು, ಪಕ್ಕದಲ್ಲಿ ಮತ್ತೆ ತೂರಿಸಿ. ಮೂರು ನಾಲ್ಕು ಕಡೆ ಹೀಗೆ ಮಾಡಿದ ಮೇಲೆ ಒಂದು ಹೆಬ್ಬೆರಳಗಲದ ಚಕ್ಕೆ ತಾನಾಗಿ ಬಿಡುತ್ತದೆ. ಕಡ್ಡಿ ಹೋಗುವ ದಾರಿಯಲ್ಲಿ ಇನ್ನೊಂದು ಕೈ ಇರಬಾರದು, ಇದನ್ನು ಮರೀಬೇಡಿ, ಜಾರಿದರೆ ಅಂಗೈಗೇ ಚುಚ್ಚುತ್ತದೆ. ಗುಳಿ ಸುತ್ತಲಿನ ಭಾಗ ತುಂಬಾ ಬಿಗಿ, ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮಾಡೋಕೆ ಗೈವಾನ್ ಇದ್ದರೆ ಚೆನ್ನ, ಅದೇ, ಮುಚ್ಚಳ ಇರೋ ಚಿಕ್ಕ ಪಿಂಗಾಣಿ ಬಟ್ಟಲು. ಇಲ್ಲದಿದ್ದರೆ 100 ಮಿಲಿ ಹಿಡಿಯುವ ಯಾವ ಪುಟ್ಟ ಕೆಟಲ್ ಆದರೂ ನಡೆಯುತ್ತದೆ. 100 ಮಿಲಿಗೆ 6 ಗ್ರಾಂ ಎಲೆ. ಜಾಸ್ತಿ ಅನ್ನಿಸುತ್ತೆ, ಆದರೆ ಇಷ್ಟು ಬೇಕು. ನೀರು ಚೆನ್ನಾಗಿ ಮರಳಬೇಕು. ಮೊದಲ ಸಲ ಸುರಿದು ಐದು ಸೆಕೆಂಡಿಗೆ ಬಗ್ಗಿಸಿ ಚೆಲ್ಲಿಬಿಡಿ. ಅದು ಧೂಳು ಹೋಗಲಿಕ್ಕೆ, ಗಟ್ಟಿ ಚಕ್ಕೆ ಸಡಿಲ ಆಗಲಿಕ್ಕೆ. ಮುಚ್ಚಳ ಹಾಕಿ ಒಂದು ನಿಮಿಷ ಹಾಗೇ ಬಿಡಿ. ಆಮೇಲೆ ಮುಚ್ಚಳ ತೆಗೆದು ಅದರ ಒಳಭಾಗವನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಹಳೆ ಮರ, ಒಣ ಹಣ್ಣು, ಕೆಲವು ಸಲ ತೆಳುವಾಗಿ ಕರ್ಪೂರ ಸಿಗುತ್ತದೆ. ನೀವು ಹೇಳಿದ ಪೆಟ್ಟಿಗೆ ವಾಸನೆ ಇದೇ ಇರಬಹುದು.

ಇನ್ನು ಕುಡಿಯುವ ಸುತ್ತುಗಳು. ಮೊದಲ ನಾಲ್ಕೈದು ಸಲ ಎಂಟು ಹತ್ತು ಸೆಕೆಂಡು ಸಾಕು. ಸುರಿದಿರಾ, ಮುಚ್ಚಿದಿರಾ, ಸೋಸಿದಿರಾ, ಅಷ್ಟೇ. ಆಮೇಲಿಂದ ಪ್ರತಿ ಸಲ ಐದೋ ಹತ್ತೋ ಸೆಕೆಂಡು ಜಾಸ್ತಿ ಮಾಡುತ್ತಾ ಹೋಗಿ. ಕಹಿ ಬಂತು ಅಂದರೆ ಹೊತ್ತು ಕಡಿಮೆ ಮಾಡಿ. ಅಷ್ಟಕ್ಕೂ ಕಡಿಮೆ ಆಗದಿದ್ದರೆ ಮುಂದಿನ ಸಲ ಎಲೆ 5 ಗ್ರಾಂಗೆ ಇಳಿಸಿ. ಎಲೆಯಲ್ಲಿ ಒಂದು ಹನಿ ನೀರೂ ಉಳಿಯದ ಹಾಗೆ ಪೂರ್ತಿ ಬಗ್ಗಿಸಬೇಕು, ಉಳಿದರೆ ಮುಂದಿನ ಬಟ್ಟಲು ಒಗರು.

ಹಾಲು ಬೇಡವೇ ಬೇಡ. ಟಿಬೆಟ್‌ನ ಕಡೆ ಒತ್ತಿದ ಚಹಾವನ್ನು ಬೆಣ್ಣೆ ಉಪ್ಪು ಹಾಕಿ ಕಡೆದು ಕುಡಿಯುತ್ತಾರೆ, ಅದು ಅವರ ಚಳಿಗೆ ಬೇಕಾದ ಬೇರೆಯೇ ಪಾನೀಯ. ನಿಮ್ಮ ಬಿಲ್ಲೆಯ ರುಚಿ ತುಂಬಾ ತೆಳು, ಹಾಲಿನಲ್ಲಿ ಮುಳುಗಿಹೋಗುತ್ತದೆ.

ಎಲೆಬುಟ್ಟಿ

7542ರ ಬಗ್ಗೆ ಹೇಳ್ತೀನಿ. ಇದು ಇಸವಿ ಅಲ್ಲ, ಮಿಶ್ರಣದ ಸಂಖ್ಯೆ. ಮೊದಲ ಎರಡು ಅಂಕಿ ಆ ಮಿಶ್ರಣ ಶುರುವಾದ ವರ್ಷ, 1975. ಮೂರನೆಯದು, 4, ಎಲೆಯ ದರ್ಜೆ. ಕೊನೆಯ 2 ಅಂದರೆ ಮೆಂಗ್‌ಹಾಯ್ ಕಾರ್ಖಾನೆ. 1 ಇದ್ದರೆ ಕುನ್ಮಿಂಗ್, 3 ಇದ್ದರೆ ಶಿಯಾಗ್ವಾನ್. ಅದೇ ಸಂಖ್ಯೆಯಲ್ಲಿ ಅವತ್ತಿಂದ ಚಹಾ ಬರುತ್ತಲೇ ಇದೆ, ಆದ್ದರಿಂದ ನಿಮ್ಮದು 2006ರದ್ದು ಅನ್ನೋದಕ್ಕೂ 75 ಅನ್ನೋದಕ್ಕೂ ಜಗಳ ಏನಿಲ್ಲ. ಹಳೆ ಶೆಂಗ್‌ಗಳಲ್ಲಿ ಹೆಸರುವಾಸಿಯಾದ "88 ಚಿಂಗ್" ಕೂಡ ಇದೇ 7542. 1980ರ ದಶಕದ ಕೊನೆ, 1990ರ ದಶಕದ ಆರಂಭದಲ್ಲಿ ಮಾಡಿದ್ದು, ಹಾಂಗ್‌ಕಾಂಗ್‌ನಲ್ಲಿ ಒಣ ಜಾಗದಲ್ಲಿ ಇಟ್ಟು ಹಳತಾಗಿಸಿದ್ದು.

ಆದರೆ ಒಂದು ಮಾತು. ಕಾಗದದ ಮೇಲಿನ ಅಂಕಿಯನ್ನು ಜಾಸ್ತಿ ನಂಬಬೇಡಿ. 2006 ಹೊತ್ತಿಗೆ ಪುಎರ್ ಬೆಲೆ ಹುಚ್ಚಾಪಟ್ಟೆ ಏರುತ್ತಿತ್ತು, 2007ರಲ್ಲಿ ದೊಪ್ಪನೆ ಬಿತ್ತು. ಆ ಏರುಗಾಲದಲ್ಲಿ ಹೆಸರಾಂತ ಕಾರ್ಖಾನೆಗಳ ಕಾಗದವನ್ನೇ ನಕಲು ಮಾಡಿ ಬೇರೆ ಚಹಾ ಸುತ್ತಿ ಮಾರಿದವರು ಬಹಳ. ಬಿಲ್ಲೆಯ ಒಳಗೆ ಎಲೆಯ ಜತೆಗೇ ಒತ್ತಿದ ಒಂದು ಚಿಕ್ಕ ಚೀಟಿ ಇರುತ್ತದೆ, ನೈಫೆಯ್ ಅಂತಾರೆ. ಹೊರಗಿನ ಕಾಗದ ಬದಲಾಯಿಸಿದಷ್ಟು ಸುಲಭವಾಗಿ ಅದನ್ನು ಬದಲಾಯಿಸಲು ಬರೋದಿಲ್ಲ. ಆದರೂ ನಕಲಿ ಬಿಲ್ಲೆ ಮಾಡುವವರು ನಕಲಿ ಚೀಟಿಯನ್ನೂ ಒತ್ತುತ್ತಾರೆ. ಅದಕ್ಕೇ ನನಗೆ ಕೊನೆಗೂ ನಂಬಿಕೆ ಬರೋದು ಬಟ್ಟಲಿನ ಮೇಲೆ. ಗೆಳೆಯ ಪ್ರೀತಿಯಿಂದ ಕೊಟ್ಟಿದ್ದಾನೆ, ನೀವು ಮಾರೋಕೆ ಹೊರಟಿಲ್ಲ, ರುಚಿ ಚೆನ್ನಾಗಿದ್ದರೆ ಕಾಗದ ಏನಾದರೂ ಹೇಳಲಿ.

ತೇಯಿಲೆ_ಹೊಸಬ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕಡ್ಡಿ ಹುಡುಕ್ತಾ ಇದ್ದೀನಿ. ಈಗ ಬೆಳಕಿನಲ್ಲಿ ನೋಡುವಾಗ ಇನ್ನೊಂದು ಭಯ ಶುರುವಾಗಿದೆ. ಬಿಲ್ಲೆಯ ಮುಂಬದಿಯಲ್ಲಿ ಅಲ್ಲಲ್ಲಿ ಬಿಳಿ, ಸ್ವಲ್ಪ ಹೊಂಬಣ್ಣದ ಗೆರೆಗಳಿವೆ. ಮುಟ್ಟಿದರೆ ತುಸು ನವಿರು. ಬೂಷ್ಟು ಬಂದಿದೆಯಾ? ಬಂದಿದ್ದರೆ ತೊಳೆದು ಕುಡಿಯಬಹುದಾ?

ಒಣಗಾಳಿ

ಗೆರೆಗಳು ಅಂದಿರಲ್ಲ, ಚುಕ್ಕೆ ಅಲ್ಲ ತಾನೆ? ಒಂದು ಕೆಲಸ ಮಾಡಿ. ಟಾರ್ಚ್ ಹಾಕಿ ಹತ್ತಿರದಿಂದ ನೋಡಿ. ಎರಡೂ ತುದಿ ಚೂಪಾಗಿ, ಒಂದು ಅಕ್ಕಿಕಾಳಿಗಿಂತ ಉದ್ದವಾಗಿ, ಮೇಲೆ ಸಣ್ಣ ಕೂದಲಿದ್ದರೆ ಅದು ಚಿಗುರು ಮೊಗ್ಗು. ಇಂಥ ಬಿಲ್ಲೆಗಳ ಮುಂಬದಿಗೆ ಎಳೆಯ ಎಲೆ, ಮೊಗ್ಗು ಹರಡಿ, ಒಳಗೆ ದೊಡ್ಡೆಲೆ ತುಂಬುವುದು ರೂಢಿ. ಹೊಸದರಲ್ಲಿ ಬೆಳ್ಳಿ ಥರ ಇರುತ್ತವೆ, ವರ್ಷ ಕಳೆದ ಹಾಗೆ ಹೊಂಬಣ್ಣಕ್ಕೆ ತಿರುಗುತ್ತವೆ.

ಬೂಷ್ಟು ಹೀಗೆ ಇರೋದಿಲ್ಲ. ಅದಕ್ಕೆ ಆಕಾರ ಇಲ್ಲ, ಎಲೆಯಿಂದ ಎಲೆಗೆ ಹಬ್ಬಿರುತ್ತದೆ, ಅರಳೆಯ ಹಾಗೆ ನಿಂತಿರುತ್ತದೆ, ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ. ಹಸಿರು, ಹಳದಿ, ಕಪ್ಪು ಬಣ್ಣದ ಅರಳೆ ಕಂಡರೆ ಆ ಬಿಲ್ಲೆಯನ್ನು ಬಿಸಾಡಿ. ತೊಳೆದು ಕುಡಿಯೋ ಯೋಚನೆ ಮಾಡಲೇಬೇಡಿ, ಕೆಲವು ಬೂಷ್ಟುಗಳ ವಿಷ ಕುದಿ ನೀರಿಗೂ ಹೋಗುವುದಿಲ್ಲ. "ಹಳೆ ಪುಎರ್ ಅಂದ್ರೆ ಹಾಗೇ ಇರುತ್ತೆ" ಅಂತ ಒಬ್ಬ ಮಾರಾಟಗಾರ ನನಗೆ ಹೇಳಿ ಒಂದು ಇಟ್ಟಿಗೆ ಚಹಾ ಕೊಟ್ಟಿದ್ದರು, ಒಡೆದರೆ ಒಳಗೆಲ್ಲಾ ಬೂದಿ ಬಣ್ಣದ ಅರಳೆ. ಹಳೆಯದಾಗೋದು ಬೇರೆ, ಕೊಳೆಯೋದು ಬೇರೆ. ಎರಡನ್ನೂ ಒಂದೇ ಅಂತ ಹೇಳಿ ಮಾರುವುದು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ನಿಮ್ಮ ಬಿಲ್ಲೆ ಕುನ್ಮಿಂಗ್‌ನಲ್ಲಿ ಇತ್ತು ಅಂದಿರಿ, ಇದು ದೊಡ್ಡ ಸುಳಿವು. ಆ ಊರು ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಗಾಳಿ ಒಣ, ಸೆಕೆ ಕಡಿಮೆ. ಅಲ್ಲಿ ಚಹಾ ಶುಚಿಯಾಗಿ ಉಳಿಯುತ್ತದೆ, ಆದರೆ ಬಹಳ ನಿಧಾನ ಹಳತಾಗುತ್ತದೆ. ಹಾಂಗ್‌ಕಾಂಗ್, ಗ್ವಾಂಗ್‌ಡಾಂಗ್ ಕಡೆಯ ಬಿಸಿ ತೇವದ ಗಾಳಿಯಲ್ಲಿ ಅದೇ ಬಿಲ್ಲೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಕಡುಗೆಂಪಾಗಿ, ಮಣ್ಣಿನ ವಾಸನೆ ಬಂದು, ಕಹಿ ಬಹಳಷ್ಟು ಇಳಿದಿರುತ್ತಿತ್ತು. ನಿಮ್ಮದರಲ್ಲಿ ಕಹಿ ಒಗರು ಇನ್ನೂ ಸ್ವಲ್ಪ ಉಳಿದಿದೆ ಅಂದರೆ ಅದು ಸಹಜವೇ. ಜೇನುತುಪ್ಪದ ಬಣ್ಣ ಬಂದರೆ ಗಾಬರಿ ಬೇಡ.

ಇಡುವ ವಿಷಯಕ್ಕೆ ಬಂದರೆ, ಫ್ರಿಜ್ ಬೇಡ. ಅಡುಗೆಮನೆ ಬೇಡ. ಅಗರಬತ್ತಿ, ಸೋಪು, ನುಸಿಗುಳಿಗೆ ಇರುವ ಬೀರು ಅಂತೂ ಬೇಡವೇ ಬೇಡ, ಚಹಾ ಎಲ್ಲ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಬಿಸಿಲು ಬೀಳದ, ವಾಸನೆ ಇಲ್ಲದ ಕಡೆ, ಕಾಗದ ಸುತ್ತಿಯೇ ಒಂದು ಶುಚಿಯಾದ ರಟ್ಟಿನ ಪೆಟ್ಟಿಗೆಯಲ್ಲಿಡಿ. ಗಾಳಿಯ ತೇವಾಂಶ ನೂರಕ್ಕೆ 60ರಿಂದ 70ರೊಳಗೆ ಇದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಅದಕ್ಕಿಂತ ಮೇಲೇರಿ ಹಾಗೇ ನಿಂತರೆ ವಾರಕ್ಕೊಮ್ಮೆ ಕಾಗದ ಬಿಚ್ಚಿ ಮೂಸಿ ನೋಡಿ. ತೇವ ಅಳೆಯುವ ಸಣ್ಣ ಮೀಟರ್ ಒಂದು ಪೆಟ್ಟಿಗೆಯಲ್ಲಿದ್ದರೆ ಮನಸ್ಸಿಗೆ ನೆಮ್ಮದಿ.

ಎಲೆಬುಟ್ಟಿ

ಒಣಗಾಳಿ ಅವರ ಮಾತಿಗೆ ಒಂದು ಸೇರಿಸ್ತೀನಿ. ಒಡೆದ ಚಕ್ಕೆಗಳನ್ನು ಆವತ್ತೇ ಕುಡಿಯಬೇಕಾಗಿಲ್ಲ. 50 ಗ್ರಾಂ ಬಿಡಿಸಿ, ಶುಚಿಯಾದ ಮಣ್ಣಿನ ಜಾಡಿಯಲ್ಲಿ ಹಾಕಿ, ಬಾಯಿಗೆ ಕಾಗದ ಕಟ್ಟಿ ಎರಡು ಮೂರು ವಾರ ಬಿಡಿ. ಬಿಗಿಯಾಗಿ ಒತ್ತಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಆ ಪೆಟ್ಟಿಗೆ ವಾಸನೆ ಎಷ್ಟೋ ಕಡಿಮೆಯಾಗುತ್ತದೆ. ಚೀನಾದಲ್ಲಿ ಇದಕ್ಕೆ ಚಹಾ ಎಬ್ಬಿಸೋದು ಅಂತಾರೆ.

ಮುಚ್ಚಳದ_ಬಟ್ಟಲು ಅವರು ಒಂದೇ ಸಲ ತೊಳೆಯಲು ಹೇಳಿದ್ದಾರೆ. ಬಿಗಿ ಚಕ್ಕೆ ಆದರೆ ನಾನು ಎರಡು ಸಲ ತೊಳೀತೀನಿ, ಇಲ್ಲವಾದರೆ ಮೊದಲ ಎರಡು ಬಟ್ಟಲು ನೀರು ನೀರಾಗಿ ಬಂದು ಮೂರನೆಯದು ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಎಷ್ಟು ಹಳೆಯದೋ ಅಷ್ಟು ಚೆನ್ನ ಅಂತ ಎಲ್ಲರೂ ಹೇಳುತ್ತಾರೆ, ನಾನು ಒಪ್ಪಲ್ಲ. ಎಳೆಯದಿದ್ದಾಗ ಸಾರವೇ ಇಲ್ಲದ ಎಲೆ ಮೂವತ್ತು ವರ್ಷ ಇಟ್ಟರೂ ಸಪ್ಪೆಯೇ. ಹೊಸತರಲ್ಲಿ ಕುಡಿಯಲು ಕಷ್ಟ ಆಗುವಷ್ಟು ಖಾರವಾಗಿ, ಕಹಿಯಾಗಿ ಇದ್ದವೇ ಮುಂದೆ ಚೆನ್ನಾಗಿ ತಿರುಗುವುದನ್ನು ನೋಡಿದ್ದೇನೆ. ಇಷ್ಟು ವರ್ಷ ಕಾಯಲು ಆಗದೆಂದೇ 1973ರಲ್ಲಿ ಕುನ್ಮಿಂಗ್‌ನ ಕಾರ್ಖಾನೆಯಲ್ಲಿ ಎಲೆ ರಾಶಿ ಹಾಕಿ, ನೀರು ಚಿಮುಕಿಸಿ, ವಾರಗಳಲ್ಲಿ ಹುದುಗಿಸುವ ಕ್ರಮ ಮಾಡಿಕೊಂಡರು. ಅದೇ ಶೋ ಪುಎರ್. ಅದೂ ನನಗೆ ಇಷ್ಟವೇ, ದಪ್ಪಗೆ, ಮೆತ್ತಗೆ ಇರುತ್ತದೆ. ಆದರೆ ಶೆಂಗ್‌ನಲ್ಲಿ ಬಟ್ಟಲಿಂದ ಬಟ್ಟಲಿಗೆ ರುಚಿ ಬದಲಾಗುತ್ತಲ್ಲ, ಅದು ಶೋದಲ್ಲಿ ನನಗೆ ಅಷ್ಟಾಗಿ ಸಿಕ್ಕಿಲ್ಲ.

ಹಾಂ, ಖಾಲಿ ಹೊಟ್ಟೆಯಲ್ಲಿ ಬೇಡ. ಹಳೆಯದಾದರೂ ಕೆಫೀನ್ ಇದ್ದೇ ಇರುತ್ತದೆ, ಹತ್ತು ಬಟ್ಟಲು ಒಳಗೆ ಹೋದ ಮೇಲೆ ತಲೆ ತಿರುಗಿ ಕೈ ನಡುಗಿದ್ದು ನೋಡಿದ್ದೇನೆ.

ತೇಯಿಲೆ_ಹೊಸಬ

ಮೂರು ವಾರ ಆಯ್ತು, ಹೇಳಲೇಬೇಕು ಅಂತ ಬಂದೆ.

ಬಿಳಿ ಗೆರೆಗಳು ಮೊಗ್ಗೇ. ಟಾರ್ಚ್ ಹಾಕಿದಾಗ ಒಂದೊಂದರ ಮೇಲೂ ನವಿರಾದ ರೋಮ ಕಂಡಿತು, ಬೂಷ್ಟು ಎಲ್ಲೂ ಇಲ್ಲ. ಒಳಚೀಟಿಯೂ ಇದೆ, ಅಂಚು ಮಾತ್ರ ಎಲೆಗಳ ಮಧ್ಯೆ ಇಣುಕ್ತಾ ಇದೆ.

ಅಂಚಿನಿಂದ ಬಿಡಿಸೋಕೆ ಮೊದಲ ದಿನ ಅರ್ಧ ಗಂಟೆ ಹಿಡಿಯಿತು. ಆದರೆ ಒಂದು ಸಲ ಕಡ್ಡಿ ಪದರದ ನಡುವೆ ಸರಿಯಾಗಿ ಹೋದಾಗ 'ಚರ್' ಅಂತ ಒಂದು ಸಣ್ಣ ಸದ್ದು ಬರುತ್ತೆ, ಇಡೀ ಎಲೆಗಳೇ ಮುರಿಯದೆ ಎದ್ದು ಬರುತ್ತವೆ. ಜಾಡಿಗೆ ಹಾಕಿ ಇಟ್ಟಿದ್ದೆ. ನಿನ್ನೆ ಊಟ ಆದ ಮೇಲೆ 6 ಗ್ರಾಂ ತೂಗಿ ಮಾಡಿದೆ, ಎರಡು ಸಲ ತೊಳೆದೆ.

ಮುಚ್ಚಳದ ಒಳಗಿನ ವಾಸನೆ ನೋಡಿದೆ. ಪೆಟ್ಟಿಗೆ ವಾಸನೆ ಇದೆ, ಆದರೆ ಅದರ ಹಿಂದೆ ಒಣ ಖರ್ಜೂರದ ಥರ ಇನ್ನೊಂದು ಇದೆ, ಮೊದಲ ಸಲ ಕುದಿಸಿದಾಗ ಅದು ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ಮೊದಲ ಬಟ್ಟಲು ತಿಳಿ ಕಿತ್ತಳೆ ಬಣ್ಣ, ರುಚಿ ತೆಳು. ಎರಡು, ಮೂರರಲ್ಲಿ ಕಹಿ ಬಂತು. ನಾಲಿಗೆಯ ಹಿಂಭಾಗದಲ್ಲಿ ಬಂದು, ನಿಲ್ಲದೆ ಹೋಗಿಬಿಟ್ಟಿತು. ಅದು ಹೋದ ಜಾಗದಲ್ಲಿ, ಬಟ್ಟಲು ಕೆಳಗಿಟ್ಟು ಸ್ವಲ್ಪ ಹೊತ್ತಾದ ಮೇಲೆ, ಗಂಟಲಿನಿಂದ ಒಂದು ಸಿಹಿ ಎದ್ದು ಬಂತು. ಸಕ್ಕರೆ ಹಾಕಿಲ್ಲ, ಏನೂ ಇಲ್ಲ. ನಾಲ್ಕನೇ ಬಟ್ಟಲು ಕುಡಿಯುವ ಮೊದಲು ಸುಮ್ನೆ ಹಾಗೇ ಕೂತಿದ್ದೆ, ಅದು ಹೋಗಲಿ ಅಂತಲ್ಲ, ಇರಲಿ ಅಂತ. ಇದಕ್ಕೆ ಹೆಸರಿದೆಯಾ?

ಒಂಬತ್ತು ಬಟ್ಟಲು ಆದ ಮೇಲೂ ಬಣ್ಣ ಬರುತ್ತಲೇ ಇತ್ತು. ನೆನೆದ ಎಲೆ ತಟ್ಟೆಗೆ ಹಾಕಿ ಬಿಡಿಸಿ ನೋಡಿದೆ. ಕಂದು ಬಣ್ಣ, ಎಳೆದರೆ ಹರಿಯದೆ ಬಗ್ಗುತ್ತದೆ. ನಾನು ಮೊದಲು ಕುಟ್ಟಿ ಹಾಕಿದ ಪುಡಿಯನ್ನು ನೆನೆಸಿಕೊಂಡು ಬೇಜಾರಾಯ್ತು.

ಮುಚ್ಚಳದ_ಬಟ್ಟಲು

ಓದಿ ತುಂಬಾ ಖುಷಿಯಾಯ್ತು. ಹೆಸರಿದೆ, ಹುಯಿಗಾನ್. ತಿರುಗಿ ಬರುವ ಸಿಹಿ ಅಂತ ಅರ್ಥ. ನೆನೆದ ಎಲೆ ಹಾಗೆ ಬಗ್ಗುವುದು ಒಳ್ಳೆ ಶೆಂಗ್‌ನ ಗುರುತು, ಶೋ ಆಗಿದ್ದರೆ ಕಪ್ಪಾಗಿ ಗಟ್ಟಿಯಾಗಿ ಇರುತ್ತಿತ್ತು.

ಒಂಬತ್ತಕ್ಕೆ ನಿಲ್ಲಿಸಬೇಡಿ. ಕೊನೆಗೆ ಸೆಕೆಂಡು ಎಣಿಸೋದು ಬಿಟ್ಟು ಮೂರು, ಐದು ನಿಮಿಷ ಬಿಡಿ. ಅದೂ ತೆಳುವಾಯ್ತು ಅಂದರೆ ಎಲ್ಲ ಎಲೆಯನ್ನೂ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಒಂದೇ ಒಂದು ಸಲ ಕುದಿಸಿ. ಕಹಿ ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಇಳಿದಿರುತ್ತದೆ, ಉಳಿದ ಸಿಹಿ ಮಾತ್ರ ಬರುತ್ತದೆ. ನೀವು ಮೊದಲ ದಿನ ಮಾಡಿದ ಕೆಲಸವೇ ಇದು, ಆದರೆ ಅದರ ಜಾಗ ಕೊನೆಯಲ್ಲಿ.

ತೇಯಿಲೆ_ಹೊಸಬ

ಇವತ್ತು ಹಾಗೇ ಮಾಡ್ತೀನಿ. ಒಂದು ಪ್ರಶ್ನೆ ಉಳಿದಿದೆ, ಆ ಕುಟ್ಟಿದ ಪುಡಿ ಇನ್ನೂ ಸುಮಾರು ಇದೆ. ಬಿಸಾಡಲು ಮನಸ್ಸಿಲ್ಲ.

ಒಣಗಾಳಿ

ಬಿಸಾಡಬೇಡಿ. ಮೂರು ಗ್ರಾಂ ಮಾತ್ರ ತೆಗೆದುಕೊಂಡು, ಕುದಿಸಿ ಒಂದೆರಡು ನಿಮಿಷ ಆರಿಸಿದ ನೀರು ಹಾಕಿ, ಸುರಿದ ತಕ್ಷಣ ಸೋಸಿ. ಸೋಸುಗ ತೆಳು ಜಾಲರಿಯದಿರಲಿ. ನಾಲ್ಕೈದು ಬಟ್ಟಲಿಗೆ ಮುಗಿಯುತ್ತದೆ, ಅಷ್ಟರಲ್ಲೂ ರುಚಿ ಇದೆ. ಗೆಳೆಯ ಮನೆಗೆ ಬಂದಾಗ ಮಾತ್ರ ಚಕ್ಕೆಯದ್ದೇ ಮಾಡಿ ಕೊಡಿ.